ನಮ್ಮ ಮನೆ ಬೋರಿಗೆ ಹೊಸ ಮೋಟ್ರು ಹಾಕ್ಸಿದ ಹನ್ನೊಂದು ದಿನ

ನಿನ್ನೆ ಸಾಯಂಕಾಲ ಆರೂವರೆಗೆ ಮೇಲಿನ ಟ್ಯಾಂಕಿಗೆ ನೀರು ಹತ್ತಿತು. ಸರಿಯಾಗಿ ಹನ್ನೊಂದು ದಿನ ಆಗಿತ್ತು. ಇದನ್ನ ಇವತ್ತೇ ಬರೆದಿಟ್ಬಿಡ್ತೀನಿ, ಒಂದು ವಾರ ಬಿಟ್ರೆ ಅಂಕಿಅಂಶ ಎಲ್ಲಾ ಮರ್ತೋಗತ್ತೆ, ಈ ಬೇಸಿಗೇಲಿ ಮೋಟ್ರು ಸುಟ್ಕೊಂಡು ಅಂಗಡಿ ಅಂಗಡಿ ಅಲೀತಿರೋರಿಗೆ ಒಬ್ಬರಿಗಾದ್ರೂ ಉಪಯೋಗ ಆಗ್ಲಿ ಅಂತ.

ನಮ್ಮದು ತುಮಕೂರು. ಕೆಳಗೊಂದು ಮನೆ, ಮೇಲೊಂದು, ಅದರ ಮೇಲೆ ಟ್ಯಾಂಕು. ಕಾರ್ಪೊರೇಷನ್ ನೀರು, ಅಂದ್ರೆ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು, ಬಿಟ್ಟ ದಿನ ಸಂಪಿಗೆ ಬೀಳತ್ತೆ, ಅದು ಕುಡಿಯೋಕೆ ಅಡುಗೆಗೆ. ಮಿಕ್ಕಿದ್ದಕ್ಕೆಲ್ಲಾ ಬೋರೇ. ಮನೇಲಿ ಅಮ್ಮ, ನಾನು, ಇಬ್ಬರು ಮಕ್ಕಳು. ನಮ್ಮ ಯಜಮಾನ್ರು ಕಲಬುರಗಿಲಿ ಕೆಲಸ, ತಿಂಗಳಿಗೊಂದ್ಸಲ ಬರ್ತಾರೆ. ನಾನು ಸ್ಕೂಲ್ ಟೀಚರ್, ಮಾರ್ಚ್ ಅಂದ್ರೆ ಪರೀಕ್ಷೆ ಟೈಮು, ಅಂಥಾ ಹೊತ್ತಲ್ಲೇ ಇದು ಬಂತು.

ಭಾನುವಾರ ಬೆಳಿಗ್ಗೆ ಸ್ವಿಚ್ ಒತ್ತಿದ್ರೆ ಪ್ಯಾನಲ್ ಬೋರ್ಡು ಗುಂಯ್ ಅಂತು, ಎಷ್ಟು ಕರೆಂಟ್ ಎಳೀತಿದೆ ಅಂತ ತೋರಿಸೋ ಆಂಪ್ಸ್ ಮುಳ್ಳು ಕೊನೇವರೆಗೂ ಹೋಗಿ ಹೊಡ್ಕೊಂತು, ಎಂಸಿಬಿ, ಅಂದ್ರೆ ಕರೆಂಟ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್, ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಮೂರು ಸಲ ಎತ್ತಿದೀನಿ. ದಯವಿಟ್ಟು ನೀವು ಹೀಗೆ ಮಾಡ್ಬೇಡಿ, ಒಂದ್ಸಲ ಬಿದ್ರೆ ಅಲ್ಲಿಗೆ ಬಿಟ್ಬಿಡಿ. ಸ್ಟಾರ್ಟ್ ಆಗದೇ ಇರೋ ಮೋಟ್ರಿಗೆ ಒಂದೊಂದ್ಸಲ ಕರೆಂಟ್ ಕೊಟ್ಟಾಗ್ಲೂ ವೈಂಡಿಂಗ್, ಅಂದ್ರೆ ಒಳಗಿರೋ ತಂತಿ ಸುರುಳಿ, ಇನ್ನಷ್ಟು ಬೇಯತ್ತೆ ಅಂತ ಆಮೇಲೆ ಗೊತ್ತಾಯ್ತು.

ಸೋಮವಾರ ಎಲೆಕ್ಟ್ರಿಷಿಯನ್ ಬಂದ್ರು, ಕೆಪಾಸಿಟರ್ ಹೋಗಿರ್ಬೇಕು ಅಂತ ಹೊಸದು ಹಾಕಿದ್ರು, 380 ರೂಪಾಯಿ, ಆದ್ರೂ ಎಂಸಿಬಿ ಬಿತ್ತು. ಆಮೇಲೆ ಬೋರಿಂದ ಬರೋ ಮೂರು ವೈರನ್ನ ಪ್ಯಾನಲ್ಲಿಂದ ಬಿಚ್ಚಿ ಒಂದೊಂದನ್ನೇ ಅರ್ಥಿಂಗ್ ಜೊತೆ ಟೆಸ್ಟ್ ಮಾಡಿದ್ರು. ಮೂರೂ ಅರ್ಥ್ ತೋರಿಸ್ತು, ಅಂದ್ರೆ ಕರೆಂಟ್ ಎಲ್ಲೋ ನೆಲಕ್ಕೆ ಸೋರ್ತಿದೆ. ಅಂದ್ರೆ ಕೇಬಲ್ ಎಲ್ಲೋ ಕೊಯ್ದಿರ್ಬೇಕು, ಇಲ್ಲಾ ಮೋಟ್ರೇ ಸುಟ್ಟಿರ್ಬೇಕು, ಎತ್ತಿ ನೋಡದೇ ಹೇಳಕ್ಕಾಗಲ್ಲ ಮೇಡಂ ಅಂದ್ರು. ಈ ಟೆಸ್ಟ್ ಮೊದಲೇ ಮಾಡಿದ್ರೆ 380 ಉಳೀತಿತ್ತು. ನಿಮ್ಮ ಮನೆಗೆ ಬರೋರಿಗೂ ಮೊದಲು ವೈರ್ ಬಿಚ್ಚಿ ಅರ್ಥ್ ನೋಡಿ ಅಂತ ಹೇಳಿ, ಎರಡು ನಿಮಿಷದ ಕೆಲಸ.

ಮೋಟ್ರು ಎತ್ತೋರಿಗೆ ಫೋನ್ ಮಾಡಿದ್ರೆ ಶುಕ್ರವಾರಕ್ಕೆ ಮುಂಚೆ ಆಗಲ್ಲ ಅಂದ್ರು. ಬೇಸಿಗೇಲಿ ಅವರಿಗೆ ಒಂದು ನಿಮಿಷ ಪುರುಸೊತ್ತಿಲ್ಲ, ಮೂರು ಕಡೆ ಕೇಳಿದೆ, ಮೂವರದ್ದೂ ಅದೇ ಮಾತು. ಅಲ್ಲೀವರೆಗೂ ಟ್ಯಾಂಕರ್. 700 ರೂಪಾಯಿಗೆ ಒಂದು ಲೋಡು, ಸಂಪಿಗೆ ಬಿಡಿಸ್ಕೊಂಡ್ವಿ. ಸಂಪಲ್ಲಿದ್ದ ಹೇಮಾವತಿ ನೀರಿನ ಜೊತೆ ಅದು ಬೆರೀಬಾರ್ದು ಅಂತ ಮೊದಲು ಇದ್ದಬದ್ದ ಕೊಡ, ಬಿಂದಿಗೆ, ಪಾತ್ರೆಗೆಲ್ಲಾ ಕುಡಿಯೋ ನೀರು ತುಂಬಿಟ್ಟೆ, ನಡುಮನೆ ತುಂಬಾ ಪಾತ್ರೆ, ಮಕ್ಕಳು ದಾಟ್ಕೊಂಡು ಓಡಾಡೋವು. ಅಮ್ಮಂಗೆ ಎಪ್ಪತ್ತೊಂದು, ಮಂಡಿ ನೋವು, ಆದ್ರೂ ನಾನು ಸ್ಕೂಲಿಂದ ಬರೋಷ್ಟರಲ್ಲಿ ಬಕೆಟ್ಟಲ್ಲಿ ನೀರು ಹೊತ್ಕೊಂಡು ಬಚ್ಚಲಿಗೆ ಇಟ್ಟಿರೋರು. ಬೇಡ ಅಂದ್ರೆ ಕೇಳ್ತಿರ್ಲಿಲ್ಲ. ಆ ನಾಲ್ಕೈದು ದಿನ ನಂಗೆ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಅದು.

ಗುರುವಾರ ರಾತ್ರಿ ಮೋಟ್ರು ಎತ್ತೋ ಅಣ್ಣ ಫೋನ್ ಮಾಡಿ, ಎಷ್ಟು ಲೆಂತ್ ಇಳಿಸಿದೀರಾ ಅಕ್ಕಾ, ಜಿಐ ಪೈಪಾ ಅಂತ ಕೇಳಿದ್ರು. ನಂಗೇನು ಗೊತ್ತು? ಬೋರು ಹಾಕ್ಸಿದ್ದು ನಮ್ಮ ಅಪ್ಪ, ಅಪ್ಪ ಹೋಗಿ ಆರು ವರ್ಷ ಆಯ್ತು. ಅಮ್ಮ ಟ್ರಂಕಿಂದ ಅಪ್ಪನ ಡೈರಿ ತೆಗೆದುಕೊಟ್ರು. 2009ರ ಮೇ ತಿಂಗಳ ಪುಟದಲ್ಲಿ ನೀಲಿ ಇಂಕಲ್ಲಿ ಎಲ್ಲಾ ಇತ್ತು. ಬೋರು 420 ಅಡಿ, ಕೇಸಿಂಗ್ (ಮೇಲ್ಭಾಗದ ಮಣ್ಣು ಕುಸೀದೇ ಇರೋಕೆ ಹಾಕೋ ಪೈಪು) 60 ಅಡಿ, ಪಾಯಿಂಟ್ (ನೀರು ಸಿಕ್ಕ ಜಾಗ) 190ಕ್ಕೊಂದು 290ಕ್ಕೊಂದು, ನೀರು ನಿಂತಿರೋದು 110 ಅಡಿಗೆ, ಒಂದೂಕಾಲು ಇಂಚು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು 16 ಲೆಂತ್, ಅಂದ್ರೆ 320 ಅಡಿ, ಮೋಟ್ರು ಒಂದೂವರೆ ಹೆಚ್‌ಪಿ. ಕೆಳಗೆ ಪೈಪಿನವರಿಗೆ ಕೊಟ್ಟ ದುಡ್ಡಿನ ಲೆಕ್ಕ. ಆ ಪುಟ ನೋಡಿ ಒಂದು ಹೊತ್ತು ಸುಮ್ನೆ ಕೂತ್ಬಿಟ್ಟೆ. ಈ ಹನ್ನೊಂದು ದಿನದಲ್ಲಿ ನಂಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ದಾಖಲೆ ಅಂದ್ರೆ ಅದೊಂದೇ ಪುಟ. ನಿಮ್ಮ ಮನೇಲಿ ಹೀಗೆ ಬರೆದಿಟ್ಟಿಲ್ಲ ಅಂದ್ರೆ ಬೋರು ಹಾಕ್ಸಿದ ಹಿರಿಯರು ಇರೋವಾಗ್ಲೇ ಕೇಳಿ ಬರ್ಕೊಳಿ.

ಶುಕ್ರವಾರ ಅರ್ಧ ದಿನ ರಜ ಹಾಕಿದೆ. ಮೂರು ಜನ ಬಂದ್ರು, ಬೋರಿನ ಮೇಲೆ ಮೂರುಕಾಲಿನ ಸ್ಟ್ಯಾಂಡ್ ನಿಲ್ಸಿ ಚೈನ್ ಕಪ್ಪಿ ಕಟ್ಟಿದ್ರು. ಒಂದು ಲೆಂತ್ ಅಂದ್ರೆ ಇಪ್ಪತ್ತಡಿ, ಒಂದೊಂದನ್ನೇ ಎತ್ತಿ, ಕೆಳಗಿನದಕ್ಕೆ ಕ್ಲ್ಯಾಂಪ್ ಹಾಕಿ ಬಿಗಿದು, ಮೇಲಿನದನ್ನ ರಿಂಚಲ್ಲಿ ಬಿಚ್ಚಿ ಪಕ್ಕಕ್ಕಿಡೋದು. ನಾನು ಪಕ್ಕದಲ್ಲೇ ನಿಂತು ಸೀಮೆಸುಣ್ಣದಲ್ಲಿ ಪ್ರತಿ ಪೈಪಿಗೂ ನಂಬರ್ ಹಾಕ್ತಾ ಬಂದೆ. ಇದು ನೀವೂ ತಪ್ಪದೇ ಮಾಡಿ, ಯಾಕಂದ್ರೆ ನೀರು ಎಲ್ಲಿದೆ ಅಂತ ಪೈಪೇ ಹೇಳತ್ತೆ. ನಮ್ಮದರಲ್ಲಿ ಮೊದಲ ಒಂಬತ್ತು ಲೆಂತ್ ಒಣಗಿದ ಬೂದಿ ಬಣ್ಣ. ಹತ್ತನೇದರಿಂದ ಹದಿಮೂರರವರೆಗೂ ಕೆಂಪಗೆ ಪಟ್ಟೆ ಪಟ್ಟೆ, ಉಗುರಲ್ಲಿ ಕೆರೆದ್ರೆ ಇಟ್ಟಿಗೆ ಪುಡಿ ಥರ ಉದುರೋದು. ಹದಿನಾಲ್ಕರಿಂದ ಕೆಳಗೆ ಕರ್ರಗೆ ಲೋಳೆ ಲೋಳೆ, ಯಾವಾಗ್ಲೂ ನೀರಲ್ಲೇ ಮುಳುಗಿದ್ದಿದ್ದು. ಅಂದ್ರೆ ಮೋಟ್ರು ಹಾಕದೇ ಇದ್ದಾಗ ನೀರು 180 ಅಡಿಗೆ ನಿಲ್ಲತ್ತೆ, ಮೋಟ್ರು ಓಡ್ತಾ ಓಡ್ತಾ 260 ಅಡಿವರೆಗೂ ಇಳಿಯತ್ತೆ. ಅಪ್ಪ ಬರೆದಾಗ 110 ಇದ್ದಿದ್ದು ಈಗ 180.

ಎರಡೂವರೆ ಗಂಟೆ ಆದ್ಮೇಲೆ ಮೋಟ್ರು ಆಚೆ ಬಂತು. ಸುಟ್ಟ ವಾಸನೆ ಗಪ್ ಅಂತ ಹೊಡೀತು. ಕೇಬಲ್ಲೂ ಎರಡು ಕಡೆ ಪೈಪಿಗೆ ಉಜ್ಜಿ ಉಜ್ಜಿ ತಾಮ್ರ ಕಾಣ್ತಿತ್ತು, ಮೂರು ಪೈಪಿನ ಮರೆ (ಥ್ರೆಡ್) ತಿಂದೋಗಿತ್ತು. ಪಕ್ಕದ ಅಂಗಡಿಯವರು ಬಿಚ್ಚಿ ನೋಡಿ ರೀವೈಂಡಿಂಗ್ ಮಾಡಿ ಬುಷ್ ಬೇರಿಂಗ್ ಹಾಕಿದ್ರೆ 6,500 ಆಗತ್ತೆ ಅಂದ್ರು. ಆಸೆ ಆಯ್ತು. ಆದ್ರೆ ಪಂಪಿನ ಭಾಗ ಬಿಚ್ಚಿಸಿ ನೋಡಿದೆ, ಒಳಗಿರೋ ಇಂಪೆಲ್ಲರ್ ಬಿಲ್ಲೆಗಳ ಅಂಚು ಮರಳು ಉಜ್ಜಿ ಉಜ್ಜಿ ಬ್ಲೇಡಿನ ಹಾಗೆ ತೆಳ್ಳಗಾಗಿತ್ತು. ಬರೀ ಮೋಟ್ರು ರೀವೈಂಡ್ ಮಾಡಿಸಿದ್ರೆ ನೀರು ಮೇಲಕ್ಕೆ ತಳ್ಳೋ ಭಾಗ ಹಳೇದೇ ಇರತ್ತಲ್ಲ, ಎತ್ತಿ ಇಳಿಸೋಕೇ ಒಂಬತ್ತು ಸಾವಿರ ಕೊಡೋ ಕಡೆ ಒಂದು ವರ್ಷಕ್ಕೆ ಮತ್ತೆ ಎತ್ಸೋ ಹಾಗಾಗ್ಬಾರ್ದು ಅಂತ ಹೊಸದೇ ತೀರ್ಮಾನ ಮಾಡಿದೆ. ಐದಾರು ವರ್ಷದ ಒಳಗಿನ ಪಂಪಾಗಿದ್ರೆ ನಾನೂ ರೀವೈಂಡಿಂಗ್‌ಗೇ ಕೊಡ್ತಿದ್ದೆ.

ಈಗ ಮುಖ್ಯವಾದ ವಿಷಯ. ಹಳೇ ನೇಮ್‌ಪ್ಲೇಟ್ ತುಕ್ಕು ತಿಂದು ಏನೂ ಓದಕ್ಕೆ ಆಗ್ತಿರ್ಲಿಲ್ಲ, ಒಂದೂವರೆ ಹೆಚ್‌ಪಿ ಅಂತ ಡೈರಿಯಿಂದ ಗೊತ್ತು ಅಷ್ಟೇ. ಶನಿವಾರ ನಾಲ್ಕು ಅಂಗಡಿ ಸುತ್ತಿದೆ. ನಾಲ್ಕೂ ಕಡೆ ಮೊದಲ ಪ್ರಶ್ನೆ ಎಷ್ಟು ಹೆಚ್‌ಪಿ ಬೇಕು ಅಂತ, ಎರಡನೇದು ಯಾವ ಕಂಪನಿದು ಬೇಕು ಅಂತ. ನೀರು ಎಷ್ಟು ಎತ್ತರಕ್ಕೆ ಹೋಗ್ಬೇಕು ಅಂತ ಮೂರು ಅಂಗಡಿಯವರು ಕೇಳ್ಲೇ ಇಲ್ಲ. ಒಬ್ರು, ಇದೆಲ್ಲಾ ನಿಮಗ್ಯಾಕೆ ಮೇಡಂ, ಯಜಮಾನ್ರನ್ನ ಕಳಿಸಿ ಅಂದ್ರು. ತುಂಬಾ ಬೇಜಾರಾಯ್ತು, ಅಲ್ಲಿಂದ ಎದ್ದು ಬಂದೆ. ನಾಲ್ಕನೇ ಅಂಗಡೀಲಿ ಕೆಲಸ ಮಾಡೋ ಒಬ್ಬ ವಯಸ್ಸಾದೋರು ಮಾತ್ರ ಕೂರಿಸಿಕೊಂಡು, ಹೆಚ್‌ಪಿ ಆಮೇಲೆ ನೋಡಣಮ್ಮ, ಮೊದಲು ಹೆಡ್ ಎಷ್ಟು ಹೇಳು ಅಂದ್ರು.

ಹೆಡ್ ಅಂದ್ರೆ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿವರೆಗೂ ಇರೋ ಎತ್ತರ. ಎಲ್ಲರೂ ಮೋಟ್ರು ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕ್ತಾರೆ, ಅದಲ್ಲ, ಮೋಟ್ರು ಓಡ್ವಾಗ ನೀರು ಎಲ್ಲಿಗೆ ಇಳಿಯತ್ತೆ ಅನ್ನೋದರಿಂದ ಲೆಕ್ಕ. ನಮ್ಮದು 260 ಅಡಿ, ಅದಕ್ಕೆ ನೆಲದಿಂದ ಟ್ಯಾಂಕಿಗೆ 35 ಸೇರಿಸಿ 295, ಪೈಪಲ್ಲಿ ಬೆಂಡಲ್ಲಿ ಉಜ್ಜಾಟಕ್ಕೆ ಹೋಗೋದು ಅಂತ ಹತ್ತು ಪರ್ಸೆಂಟ್ ಸೇರಿಸಿದ್ರೆ ಹತ್ತಿರ ಹತ್ತಿರ 325 ಅಡಿ, ಮೀಟರಲ್ಲಿ 99. ಮುಂದೆ ಬರಗಾಲ ಬಂದು ನೀರು 320 ಅಡೀಲಿರೋ ಮೋಟ್ರಿನ ಮಟ್ಟಕ್ಕೇ ಇಳಿದ್ರೆ ಇದೇ ಲೆಕ್ಕದಲ್ಲಿ 119 ಮೀಟರ್. ಹಾಗಾಗಿ ನಂಗೆ ಬೇಕಾಗಿದ್ದು 100 ಮೀಟರಲ್ಲಿ ಚೆನ್ನಾಗಿ ನೀರು ಕೊಟ್ಟು 120ರಲ್ಲೂ ಒಂದಿಷ್ಟು ಕೊಡೋ ಪಂಪು. ಈ ಎರಡು ನಂಬರ್ ಚೀಟಿ ಮೇಲೆ ಬರ್ಕೊಂಡ್ಮೇಲೆ ಅಂಗಡಿಯವರು ಮಾತಾಡೋ ರೀತೀನೇ ಬದಲಾಯ್ತು.

ಸ್ಟೇಜ್ ಅಂದ್ರೇನು ಅಂತಾನೂ ಆ ವಯಸ್ಸಾದೋರೇ ಹೇಳಿಕೊಟ್ರು. ಬಾವಿಯಿಂದ ಮೇಲಕ್ಕೆ ಮೆಟ್ಟಿಲ ಮೇಲೆ ಸಾಲಾಗಿ ಜನ ನಿಂತು ಬಿಂದಿಗೆ ಕೈಯಿಂದ ಕೈಗೆ ದಾಟಿಸ್ತಾರಲ್ಲ ಹಾಗೆ, ಒಂದೊಂದು ಸ್ಟೇಜೂ ನೀರನ್ನ ಇಷ್ಟಿಷ್ಟು ಮೀಟರ್ ಅಂತ ಮೇಲಕ್ಕೆ ತಳ್ಳತ್ತೆ. ಆಳದ ಬೋರಿಗೆ ಸ್ಟೇಜ್ ಜಾಸ್ತಿ ಇರ್ಬೇಕು. ಕಮ್ಮಿ ಸ್ಟೇಜಿನದು ಹೆಚ್‌ಪಿ ಜಾಸ್ತಿ ಇದ್ರೂ ಕಮ್ಮಿ ಎತ್ತರಕ್ಕೆ ಜಾಸ್ತಿ ನೀರು ಹೊಡೆಯೋಕೆ ಮಾಡಿರೋದು. ಕಂಪನಿಯವರ ಪಟ್ಟಿ ತೆಗೆದು ನೋಡಿದ್ವಿ, ನಮ್ಮ ಲೆಕ್ಕಕ್ಕೆ ಕೂತಿದ್ದು ವಿ4 (ನಾಲ್ಕಿಂಚು ಸೈಜಿನದು), ಒಂದೂವರೆ ಹೆಚ್‌ಪಿ, 20 ಸ್ಟೇಜ್, ಸಿಂಗಲ್ ಫೇಸ್. ಆಯಿಲ್ ತುಂಬಿದ ಮೋಟ್ರು ಸ್ವಲ್ಪ ಕಮ್ಮಿ ರೇಟಿಗಿತ್ತು, ಆದ್ರೆ ಸೀಲ್ ಹೋದ್ರೆ ಆಯಿಲ್ ಬೋರಿನ ನೀರಿಗೇ ಸೇರತ್ತೆ, ಹೇಮಾವತಿ ನೀರು ಬಿಡದೇ ಇದ್ದಾಗ ನಾವು ಬೋರ್ ನೀರೇ ಕಾಯಿಸಿ ಕುಡಿಯೋದು, ಅದಕ್ಕೆ ವಾಟರ್ ಫಿಲ್ಡ್, ಅಂದ್ರೆ ಆಯಿಲ್ ಬದಲು ಒಳಗೆ ನೀರು ತುಂಬೋದು, ತಗೊಂಡೆ. ಐಎಸ್ಐ ಮಾರ್ಕಿನ ಜೊತೆ ಐಎಸ್ 8034 ಅಂತ ಇರ್ಬೇಕು, ಬೋರಿಗೆ ಇಳಿಸೋ ಸಬ್‌ಮರ್ಸಿಬಲ್‌ಗೆ (ನೀರಲ್ಲಿ ಮುಳುಗಿರೋ ಪಂಪಿಗೆ) ಅದೇ ನಂಬರು. ಮಾರ್ಕಿನ ಕೆಳಗಿರೋ ಲೈಸೆನ್ಸ್ ನಂಬರನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಅಸಲಿ ಹೌದೋ ಅಲ್ವೋ ಗೊತ್ತಾಗತ್ತೆ. 18 ಪರ್ಸೆಂಟ್ ಜಿಎಸ್‌ಟಿ ಸೇರಿ 18,500. ಬಿಲ್ ಇಲ್ದೆ ತಗೊಂಡ್ರೆ ಕಮ್ಮಿಗೆ ಕೊಡ್ತೀವಿ ಅಂತಾರೆ, ಬೇಡ, ಬಿಲ್ ಇಲ್ದೆ ವಾರಂಟಿ ಕೇಳಕ್ಕೆ ಆಗಲ್ಲ.

ಭಾನುವಾರ ಅಂಗಡಿ ರಜ. ಸೋಮವಾರ ದುಡ್ಡು ಕಟ್ಟಿದೆ, ಗೋಡೌನಿಂದ ನಾಳೆ ಬೆಳಿಗ್ಗೆ ಮನೆಗೇ ಕಳಿಸ್ತೀವಿ ಅಂದ್ರು. ಮಂಗಳವಾರ ಒಂಬತ್ತಕ್ಕೆ ಇಳಿಸೋರೂ ಬಂದ್ರು, ಪಂಪೂ ಬಂತು, ಡಬ್ಬ ಬಿಚ್ಚಿದ್ರು, ಒಬ್ಬರು ಆಗ್ಲೇ ಮೊದಲ ಪೈಪು ಕೂರಿಸ್ತಿದ್ರು. ನಾನು ವಾರಂಟಿ ಕಾರ್ಡಿಗೆ ಸೀರಿಯಲ್ ನಂಬರ್ ಬರ್ಕೊಳಣ ಅಂತ ಬಗ್ಗಿ ನೇಮ್‌ಪ್ಲೇಟ್ ನೋಡಿದ್ರೆ 2 ಹೆಚ್‌ಪಿ, 12 ಸ್ಟೇಜ್, ಹೆಡ್ 30ರಿಂದ 78 ಮೀಟರ್. ಎದೆ ಧಸಕ್ ಅಂತು. ನಮಗೆ ಬೇಕಾಗಿರೋದು 100, ಇದು 78ಕ್ಕೆ ಮುಗೀತು, ಇಳಿಸಿದ್ರೆ ಮೋಟ್ರು ಓಡತ್ತೆ, ಕರೆಂಟ್ ತಿನ್ನತ್ತೆ, ಟ್ಯಾಂಕಿಗೆ ನೀರು ಬರಲ್ಲ. ಅಂಗಡಿಗೆ ಫೋನ್ ಮಾಡಿದ್ರೆ, ಮೇಡಂ ಅದು ಇಲ್ಲ, ಇದು ಇನ್ನೂ ಜಾಸ್ತಿ ಪವರ್, ಅದೇ ರೇಟಿಗೆ ಕೊಟ್ಟಿದೀವಲ್ಲಾ ಅಂದ್ರು. ವಾಪಸ್ ಕೊಡ್ತೀನಿ ಅಂದ್ರೆ ಡಬ್ಬ ಬಿಚ್ಚಿದೀರಾ ತಗೊಳಲ್ಲ ಅಂದ್ರು. ಬಿಲ್ ನೋಡ್ಕೊಂಡೆ, ಬರೀ ವಿ4 ಸಬ್‌ಮರ್ಸಿಬಲ್ ಪಂಪ್ ಸೆಟ್ ಒಂದು ಅಂತಿತ್ತು, ಹೆಚ್‌ಪಿ ಇಲ್ಲ, ಸ್ಟೇಜ್ ಇಲ್ಲ.

ನನ್ನ ಕೈ ಹಿಡಿದಿದ್ದು ಶನಿವಾರ ಅವರು ಬರೆದುಕೊಟ್ಟಿದ್ದ ಎಸ್ಟಿಮೇಟ್ ಚೀಟಿ. ಒಂದೂವರೆ ಹೆಚ್‌ಪಿ 20 ಸ್ಟೇಜ್ ಅಂತ ಅವರದ್ದೇ ಅಂಗಡಿ ಲೆಟರ್‌ಹೆಡ್ಡಲ್ಲಿತ್ತು, ಮನೆಯವರಿಗೆ ತೋರ್ಸಕ್ಕೆ ಅಂತ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದೆ. ಆಟೋ ಹತ್ತಿ ಹೋಗಿ ಅದನ್ನ ಮುಂದಿಟ್ಟೆ. ಮುಕ್ಕಾಲು ಗಂಟೆ ಮಾತಾಯ್ತು, ನನ್ನ ಧ್ವನಿ ನಡುಗ್ತಿತ್ತು, ಅಳು ಬರೋ ಹಾಗಾಗಿತ್ತು, ಆದ್ರೂ ಎದ್ದು ಬರ್ಲಿಲ್ಲ. ಕೊನೆಗೆ ಆ ವಯಸ್ಸಾದೋರೇ ಮಧ್ಯೆ ಬಂದು, ಆಯಮ್ಮ ಕೇಳಿದ್ದು 20 ಸ್ಟೇಜೇ, ನಾನೇ ಬರೆದುಕೊಟ್ಟಿದ್ದು ಅಂದ್ರು. ಸಂಜೆಗೆ ಬೇರೆ ಅಂಗಡಿಯಿಂದ ತರ್ಸಿ ಬದಲಾಯಿಸಿ ಕೊಟ್ರು, ಬಿಲ್ಲೂ ಹೊಸದು ಬರೆಸ್ಕೊಂಡೆ, ಈ ಸಲ ಹೆಚ್‌ಪಿ, ಸ್ಟೇಜ್, ಸೀರಿಯಲ್ ನಂಬರ್ ಎಲ್ಲಾ ಹಾಕ್ಸಿ. ಇಳಿಸೋರು ಆ ದಿನ ಸುಮ್ನೆ ಬಂದುಹೋಗಿದ್ದಕ್ಕೆ 600 ಕೊಡಬೇಕಾಯ್ತು, ಅವರ ದಿನದ ಕೂಲಿ, ಅವರದ್ದೇನು ತಪ್ಪು.

ಕೇಬಲ್ ವಿಷಯ ಒಂದು ಮಾತು. ನಮ್ಮ ಏರಿಯಾದಲ್ಲಿ ಬೇಸಿಗೆ ಸಂಜೆ ವೋಲ್ಟೇಜ್ 180ಕ್ಕೆ ಇಳಿಯತ್ತೆ, ಅದೇ ಹೊತ್ತಿಗೆ ನಾವು ಮೋಟ್ರು ಹಾಕ್ತಿದ್ವಿ. ವೋಲ್ಟೇಜ್ ಕಮ್ಮಿ ಆದ್ರೆ ಮೋಟ್ರು ಆಂಪ್ಸ್ ಜಾಸ್ತಿ ಎಳಿಯತ್ತೆ, ಕಾಯತ್ತೆ, ಹಳೇದು ಸುಟ್ಟಿದ್ದೂ ಬಹುಶಃ ಹಾಗೇ. ಮುನ್ನೂರಡಿ ಉದ್ದದ ಸಣ್ಣ ಕೇಬಲ್ಲಲ್ಲಿ ಇನ್ನೂ ಒಂದಷ್ಟು ವೋಲ್ಟ್ ಹೋಗತ್ತೆ. ಅದಕ್ಕೆ 2.5 ಸ್ಕ್ವೇರ್ ಎಂಎಂ ಇದ್ದಿದ್ದನ್ನ 4 ಸ್ಕ್ವೇರ್ ಎಂಎಂ ತಾಮ್ರದ್ದಕ್ಕೆ ಬದಲಾಯಿಸಿದೆ. 110 ಮೀಟರ್, 14,300 ರೂಪಾಯಿ, ಹೊಟ್ಟೆ ಚುರ್ ಅಂತು, ಆದ್ರೆ ಇಲ್ಲಿ ಉಳಿಸ್ಬಾರ್ದು. ಪ್ಯಾನಲ್ಲೂ ಹೊಸದು, ಡ್ರೈ ರನ್ ಕಟಾಫ್ ಇರೋದು, 3,900. ಬೋರಲ್ಲಿ ನೀರು ಖಾಲಿ ಆದ್ರೆ ತಾನೇ ಆಫ್ ಆಗತ್ತೆ. ನೀರಿಲ್ದೆ ಓಡಿ ಸುಟ್ರೆ ವಾರಂಟಿ ಬರಲ್ಲ, ವಾರಂಟಿ ಇದ್ರೂ ಎತ್ತಿ ಇಳಿಸೋ ಖರ್ಚು ನಮ್ಮದೇ ಅಂತ ನಮ್ಮ ಕಾರ್ಡಲ್ಲಿ ಸಣ್ಣಕ್ಷರದಲ್ಲಿದೆ, ಓದ್ಕೊಳಿ.

ಬುಧವಾರ ಇಳಿಸಿದ್ವಿ. ವಾಟರ್ ಫಿಲ್ಡ್ ಮೋಟ್ರಿಗೆ ಇಳಿಸೋ ಮುಂಚೆ ಒಳಗೆ ಶುದ್ಧ ನೀರು ತುಂಬ್ಬೇಕು. ಹುಡುಗ ಒಂದು ಲೋಟ ಹುಯ್ದು ಪ್ಲಗ್ ಹಾಕಕ್ಕೆ ಹೋದ, ಅಣ್ಣ ತಡೆದ್ರು. ಮೋಟ್ರನ್ನ ಗೋಡೆಗೆ ನೆಟ್ಟಗೆ ಒರಗಿಸಿ, ತೂತಿಗೆ ನಿಧಾನಕ್ಕೆ ನೀರು ಹುಯ್ದು, ಅಂಗೈಯಲ್ಲಿ ಮೈ ತಟ್ಟಿದ್ರು. ಬುಳ್ ಬುಳ್ ಅಂತ ಗುಳ್ಳೆ ಬಂದು ನೀರು ಒಂದು ಬೆರಳಷ್ಟು ಕೆಳಗಿಳೀತು, ಮತ್ತೆ ಹುಯ್ದ್ರು, ಮತ್ತೆ ತಟ್ಟಿದ್ರು. ಹತ್ತು ನಿಮಿಷ ಬೇಕಾಯ್ತು ಗುಳ್ಳೆ ನಿಲ್ಲೋಕೆ. ಒಳಗೆ ಗಾಳಿ ಉಳಿದ್ರೆ ಬುಷ್ ಒಣಗಿ ತಿರುಗತ್ತೆ ಅಕ್ಕಾ, ತಿಂಗಳಿಗೇ ಹೋಗತ್ತೆ ಅಂದ್ರು. ಕೇಬಲನ್ನ ಪ್ರತಿ ಹತ್ತಡಿಗೆ ಪೈಪಿಗೆ ಕಟ್ಟಿಸಿದೆ, ಹಳೇದು ಉಜ್ಜಿ ಹೋಗಿದ್ದು ಕಣ್ಣಾರೆ ನೋಡಿದ್ನಲ್ಲ. ಪೈಪು ಕಳಚಿದ್ರೆ ಮೋಟ್ರು ಬೋರಿಗೆ ಬೀಳ್ಬಾರ್ದು ಅಂತ ನೈಲಾನ್ ಹಗ್ಗ ಬೇರೆ.

ಮೊದಲು ಬಂದ ನೀರು ಕೆಮ್ಮಣ್ಣು ಕದಡಿದ ಹಾಗಿತ್ತು. ಎರಡು ಗಂಟೆ ಹೊತ್ತು ತೆಂಗಿನ ಬುಡಕ್ಕೇ ಬಿಟ್ವಿ, ತಿಳಿ ಆದ್ಮೇಲೆ ಟ್ಯಾಂಕಿಗೆ ತಿರುಗಿಸಿದ್ದು. ವೋಲ್ಟೇಜ್ 225 ಇದ್ದಾಗ ಒಂಬತ್ತೂವರೆ ಆಂಪ್ಸ್ ತೋರಿಸ್ತಿದೆ, ಪ್ಯಾನಲ್ ಬಾಗಿಲ ಮೇಲೆ ಮಾರ್ಕರಲ್ಲಿ ಬರೆದಿಟ್ಟಿದೀನಿ, ಮುಂದೆ ಅದು ಹನ್ನೊಂದು ಹನ್ನೆರಡಾದ್ರೆ ಏನೋ ಆಗ್ತಿದೆ ಅಂತ ಮೊದಲೇ ಗೊತ್ತಾಗ್ಲಿ. ಸಾವಿರ ಲೀಟರ್ ಟ್ಯಾಂಕು 31 ನಿಮಿಷಕ್ಕೆ ತುಂಬಿತು, ಹೆಚ್ಚುಕಮ್ಮಿ ಒಂದು ಯೂನಿಟ್ ಕರೆಂಟು. ಗೃಹಜ್ಯೋತಿ ಲೆಕ್ಕ ಮೀರ್ಬಾರ್ದು ಅಂತ ನೋಡೋರಿಗೆ ಇದೂ ಮುಖ್ಯ.

ಖರ್ಚು ಪೂರ್ತಿ ಹೇಳ್ತೀನಿ. ಪಂಪು 18,500, ಕೇಬಲ್ 14,300, ಎತ್ತಿ ಇಳಿಸಿದ್ದು 9,000, ಹೊಸ ಪೈಪು ಮೂರು ಲೆಂತ್ 6,300, ಪ್ಯಾನಲ್ 3,900, ನಾಲ್ಕು ಟ್ಯಾಂಕರ್ 2,800, ಹಗ್ಗ 1,900, ಎಲೆಕ್ಟ್ರಿಷಿಯನ್ ಮತ್ತೆ ಕೆಪಾಸಿಟರ್ 880, ಆ ವ್ಯರ್ಥ ದಿನದ 600. ಒಟ್ಟು 58,180. ಪಂಪಿನ ರೇಟ್ ಅಷ್ಟೇ ಮನಸ್ಸಲ್ಲಿಟ್ಕೊಂಡು ಇಪ್ಪತ್ತು ಸಾವಿರ ಹೊಂದಿಸಿಕೊಂಡಿದ್ದೆ, ಮಿಕ್ಕಿದ್ದಕ್ಕೆ ಚೀಟಿ ದುಡ್ಡು ತೆಗೀಬೇಕಾಯ್ತು. ಹಳೇ ಕೇಬಲನ್ನ ಹಾಗೇ ಬಿಟ್ಬಿಡಿ, ನಾವು ತಗೊಂಡೋಗ್ತೀವಿ ಅಂತ ಹುಡುಗರು ಕೇಳ್ತಾರೆ, ಕೊಡ್ಬೇಡಿ, ಒಳಗಿರೋದು ತಾಮ್ರ. ಗುಜರಿಗೆ ಹಾಕಿದ್ರೆ ಕೇಬಲ್ಲಿಗೆ 3,400, ಹಳೇ ಮೋಟ್ರಿಗೆ 2,000 ಬಂತು.

ಬೋರಿಲ್ದೆ ಬರೀ ಸಂಪಿಂದ ಮೇಲಿನ ಟ್ಯಾಂಕಿಗೆ ಹತ್ತಿಸೋರಿಗೆ ಇಷ್ಟೆಲ್ಲಾ ತಲೆನೋವಿಲ್ಲ. ನಮ್ಮ ಥರ ಎರಡು ಅಂತಸ್ತಿಗೆ ಅರ್ಧ ಹೆಚ್‌ಪಿ ಸೆಲ್ಫ್ ಪ್ರೈಮಿಂಗ್ ಸಾಕು, ಒಂದು ಹೆಚ್‌ಪಿ ತಗೊಳಿ ಅಂದ್ರೆ ಯಾಕೆ ಅಂತ ಕೇಳಿ. ಮೇಲೆ ಕೂತು ಎಳಿಯೋ ಪಂಪು 25 ಅಡಿಗಿಂತ ಕೆಳಗಿನ ನೀರನ್ನ ಎಳಿಯಲ್ಲ, ಯಾವ ಕಂಪನಿದಾದ್ರೂ ಅಷ್ಟೇ, ಅದಕ್ಕೆ ಸಂಪಿನ ಪಕ್ಕದಲ್ಲೇ ನೆಲಕ್ಕೆ ಹತ್ತಿರ ಕೂರಿಸಿ.

ಅಪ್ಪನ ಡೈರಿ ಪುಟದ ಫೋಟೋ ತೆಗೆದು ಪ್ಯಾನಲ್ ಬಾಗಿಲ ಒಳಗಡೆ ಅಂಟಿಸಿದೀನಿ, ಪಕ್ಕದಲ್ಲಿ ಹೊಸ ಬಿಲ್ಲಿನ ಜೆರಾಕ್ಸು. ಇನ್ನೊಂದು ಕೆಲಸ ಬಾಕಿ ಇದೆ. ಇಳಿಸೋರು ಬೋರಿನ ಬಾಯಿಗೆ ಪೈಪಿನ ಸುತ್ತ ಗೋಣಿಚೀಲ ತುರುಕಿ ಹೋಗಿದಾರೆ, ಮೊದಲಿದ್ದ ಪ್ಲೇಟು ಎತ್ತುವಾಗ ಮುರೀತು. ಆರೂವರೆ ಇಂಚಿನ ಬಾಯಿ, ಕಲ್ಲು ಬಿದ್ರೆ ಬೋರೇ ಹೋಗತ್ತೆ, ಮಳೆ ಬಂದ್ರೆ ರಸ್ತೆ ನೀರು ಒಳಗೆ ಇಳಿಯತ್ತೆ. ವೆಲ್ಡಿಂಗ್ ಶಾಪಿನವರಿಗೆ ಅಳತೆ ಕೊಟ್ಟು ಬಂದಿದೀನಿ, 450 ಹೇಳಿದಾರೆ, ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತಾರೆ.